ಗರಸು ಹೊಲದ ದ್ರಾಕ್ಷಾರಸ ವಿಜಯ

ಬಿಸಿಲನ್ನೇ ಕಿರೀಟವಾಗಿ, ಧೂಳನ್ನೇ ಪೀತಾಂಬರವಾಗಿ ಧರಿಸಿದ ತಿಕೋಟಾ ಸೀಮೆಯ ಅಧಿದೇವತೆಯೇ, ನನ್ನ ನಾಲಿಗೆಗೆ ಬಲ ಕೊಡು! ಕಲಿಯುಗದ ಈ ಕಡುಬೇಸಿಗೆಯಲ್ಲಿ, ಏಳು ತಲೆಮಾರಿನಿಂದ ಮದ್ಯ ಮುಟ್ಟದ ಮನೆತನದ ಇಬ್ಬರು ಮಹಾವೀರರು ವೈನಿನ ರುಚಿಗಾಗಿ ಮಾಡಿದ ಘನಘೋರ ಸಮರವನ್ನು ಹಾಡಬೇಕಾಗಿದೆ. ನಗು ಬಂದರೆ ತಡೆದುಕೋ ತಾಯಿ, ನನಗಂತೂ ಆಗುತ್ತಿಲ್ಲ.

ಜ್ಯೇಷ್ಠನು ಕೃಷ್ಣಮೃತ್ತಿಕಾಧೀಶ್ವರ, ಸ್ಥೂಲದ್ರಾಕ್ಷಾಗುಚ್ಛಗರ್ವಿತ, ಕೆಳಗಿನ ಎರಿ ಹೊಲದ ಶಿವಗೊಂಡಪ್ಪ. ಕನಿಷ್ಠನು ಶಿಲಾಶಕಲಸಾಮ್ರಾಜ್ಯಪಾಲಕ, ದಿಬ್ಬದ ಮೇಲಿನ ಗರಸು ಹೊಲದ ಚನಮಲ್ಲಪ್ಪ. ಹೊಲ ಪಾಲಾದರೂ ಇಬ್ಬರ ಒಲೆ ಒಂದೇ. ಪಾಲಿನ ದಿನ ಅಣ್ಣನು ಕಪ್ಪು ನೆಲವನ್ನು ತಾನಿಟ್ಟುಕೊಂಡು ಕಲ್ಲುಗರಸನ್ನು ತಮ್ಮನಿಗೆ ದಯಪಾಲಿಸಿದಾಗ, "ಅಲ್ಲಿ ಕತ್ತೆ ಸೈತ ಮೇಯಂಗಿಲ್ಲ" ಎಂದು ಊರು ನಕ್ಕಿತ್ತು. ಹದಿನಾಲ್ಕು ವರ್ಷವಾದರೂ ಆ ನಗು ತಮ್ಮನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ಹೀಗಿರಲು, ಇಬ್ಬರ ದ್ರಾಕ್ಷಿಯನ್ನೂ ಕೊಳ್ಳುವ ವೈನ್ ಕಾರ್ಖಾನೆಯವರು ಎರಡು ಹೊಲದ ವೈನನ್ನು ಬೇರೆಬೇರೆ ಮಾಡಿ, ಹೊಲದ ಹೆಸರು ಬರೆದ ಒಂದೊಂದು ಬಾಟ್ಲಿ ಕಳಿಸಿದರು. "ಲೇಬಲ್ ಮೇಲೆ ಒಂದೇ ಹೊಲದ ಹೆಸರು ಬರುತ್ತದೆ, ಯಾವುದೆಂದು ನೀವೇ ಹೇಳಿ" ಎಂದರು. ಸಾಕಲ್ಲ!

"ಏನಲೇ ತಮ್ಮಾ!" ಎಂದು ಅಂಗಳ ನಡುಗುವಂತೆ ಗರ್ಜಿಸಿದನು ಶಿವಗೊಂಡಪ್ಪ. "ನನ್ನ ಎರಿ ಒಂದ ಮಳಿ ಕುಡದ್ರ ನಾಕ ತಿಂಗಳ ಹಿಡಕೊಂಡಿರತೈತಿ. ನನ್ನ ಹಣ್ಣ ಗೋಲಿಗುಂಡ ಆಗ್ಯಾವ. ನಿನ್ನವು ಮೆಣಸಿನಕಾಳ!"

"ನಿನ್ನ ಹಣ್ಣಿನ್ಯಾಗ ಬರೇ ನೀರ ಐತಿ ಅಣ್ಣಾ! ನನ್ನ ಗರಸಿನ್ಯಾಗ ನೀರ ನಿಲ್ಲಂಗಿಲ್ಲ, ಬಳ್ಳಿ ಆಳಕ್ಕ ಇಳದ ಹುಡಕ್ಯಾಡತೈತಿ. ಹಗಲೆಲ್ಲಾ ಬಿಸಲ, ರಾತ್ರಿ ದಿಬ್ಬದ ತಣ್ಣನ ಗಾಳಿ. ಹಣ್ಣ ಸಣ್ಣದ, ಸಿಪ್ಪಿ ದಪ್ಪ, ರಸ ಗಟ್ಟಿ!"

ಸಾಬೀತು ಮಾಡುವುದು ಹೇಗೆ? ಕುಡಿದರೆ ವ್ರತಭಂಗ. ಮಣ್ಣು ತಿಂದರೆ ಅಡ್ಡಿಯಿಲ್ಲವಲ್ಲ! ಮಹಾವೀರರಿಬ್ಬರೂ ತಂತಮ್ಮ ಹೊಲದ ಮಣ್ಣನ್ನು ಚಿಟಿಕೆ ಚಿಟಿಕೆ ಬಾಯಿಗೆ ಹಾಕಿಕೊಂಡು, ಚಪ್ಪರಿಸಿ, ಕಣ್ಣೀರು ಸುರಿಸಿ, ಉಗುಳಿದರು. ತೀರ್ಪು ಸಿಗಲಿಲ್ಲ.

ಆಗ ಪ್ರವೇಶಿಸಿದನು ಸೋದರಮಾವ ಗುರುಲಿಂಗಪ್ಪ: ಊರ ಪಾನನಿಷೇಧ ಸಂಘದ ಅಧ್ಯಕ್ಷ, ತ್ರಿಕಾಲ ಕೆಮ್ಮಿನೌಷಧಿಸೇವಕ. ಆ ಔಷಧಿ ಯಾವ ಅಂಗಡಿಯದೆಂದು ಊರಿಗೆಲ್ಲ ಗೊತ್ತು, ಎದುರಿಗೆ ಹೇಳುವವರಿಲ್ಲ. "ಅಳಿಯಂದಿರ ಜಗಳ ಮುಗೀತೈತಂದ್ರ ವಿಷಾನೂ ಕುಡೀತೀನಿ" ಎಂದವನೇ ಎರಡು ಬಾಟ್ಲಿ ಬಗಲಲ್ಲಿಟ್ಟುಕೊಂಡು ಒಳಕೋಣೆ ಹೊಕ್ಕು ಅಗಳಿ ಹಾಕಿಕೊಂಡನು. ಒಂದು ತಾಸಾಯಿತು.

ಮೀಸೆ ಒರೆಸುತ್ತ ಹೊರಬಂದವನನ್ನು ತಂಗಿ ನೀಲಗಂಗವ್ವ, ಅಂದರೆ ವೀರಮಾತೆ, ಕೇಳಿದಳು: "ಯಾವದು ಛಲೋ ಐತಿ ಅಣ್ಣಾ?"

ಅಯ್ಯೋ ಧರ್ಮಸಂಕಟ! ಒಂದನ್ನು ಹೊಗಳಿದರೆ ರುಚಿ ಬಲ್ಲವನೆಂದಾಯಿತು. "ನನಗೇನ ತಿಳೀತೈತವಾ ತಂಗಿ? ಎರಡೂ ಒಂದ. ಥೂ, ಕಹಿ!"

ಚನಮಲ್ಲಪ್ಪನ ಮುಖ ಬಾಡಿತು. "ಒಂದ ಸಲ ಅನ್ರಿ ಮಾವಾ, ನನ್ನ ನೆಲಾನೂ ಛಲೋ ಐತಿ ಅಂತ" ಎಂದನು. ಮಾವ ಕೆಮ್ಮಿ, ಗೋಡೆ ಹಿಡಿದುಕೊಂಡು ಮನೆಯ ದಾರಿ ಹಿಡಿದನು.

ನೀಲಗಂಗವ್ವ ಕೋಣೆಯಿಂದ ಬಾಟ್ಲಿಗಳನ್ನು ತಂದಿಟ್ಟಳು. ಎರಿ ಹೊಲದ್ದು ಒಂದು ಗುಟುಕಷ್ಟೇ ಕಡಿಮೆಯಾಗಿತ್ತು. ಗರಸು ಹೊಲದ್ದನ್ನು ಬೋರಲು ಹಾಕಿದರೂ ಒಂದು ಹನಿ ಬೀಳಲಿಲ್ಲ.

"ಸೋರಿರಬೇಕ" ಎಂದನು ಶಿವಗೊಂಡಪ್ಪ.

ಮಾವನ ತೀರ್ಪು ಸಮಸಮವೆಂದು ತಿಳಿದ ಕಾರ್ಖಾನೆಯವರು ಯಾವ ಹೊಲದ ಹೆಸರನ್ನೂ ಹಾಕದೆ ಗಿಳಿಯ ಚಿತ್ರ ಅಂಟಿಸಿದರು. ಖಾಲಿ ಬಾಟ್ಲಿಯನ್ನು ನೀಲಗಂಗವ್ವ ಬೂದಿ ಹಚ್ಚಿ ತೊಳೆದು, ಕುಸುಬಿ ಎಣ್ಣೆ ತುಂಬಿಟ್ಟಳು. ಮೇಲಿನ ಬರಹ ಅಳಿಸಲಿಲ್ಲ.

ಇಂದಿಗೂ ದಿನಾ ಮಧ್ಯಾಹ್ನ ರೊಟ್ಟಿ ಮುರಿದು ಶೇಂಗಾ ಚಟ್ನಿಪುಡಿ ಹಾಕಿಸಿಕೊಂಡ ಕೃಷ್ಣಮೃತ್ತಿಕಾಧೀಶ್ವರನು ಎಣ್ಣೆಗೆ ಕೈ ಚಾಚುತ್ತಾನೆ.

"ತಮ್ಮಾ, ಆ ಬಾಟ್ಲಿ ಕೊಡು."

"ಯಾವದ ಅಣ್ಣಾ?"

"ಅದ... ಗರಸು ಹೊಲದ್ದು."

"ಕೇಳಸಲಿಲ್ಲ, ಇನ್ನೊಮ್ಮೆ ಅನ್ನು."