ಅಣ್ಣ ಅಂದ ತಪ್ಪಿಗೆ

ನಾನು ಓದಿದ ವಿದ್ಯೆ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಈಗಲೂ ಮಾತು ಬದಲಿಸುತ್ತೇನೆ. ಮಾನವಶಾಸ್ತ್ರ ಎಂದರೆ ಸಾಕು, ಶ್ರೀರಂಗಪಟ್ಟಣದ ನಮ್ಮ ಬೀದಿಯವರು "ಓಹೋ, ಕೈ ನೋಡಿ ಹೇಳೋದಾ ಸಾ?" ಎಂದು ಅಂಗೈ ಚಾಚುತ್ತಾರೆ. ಅಲ್ಲಪ್ಪಾ, ಇದು ಮನುಷ್ಯನನ್ನು ಇಡಿಯಾಗಿ ಓದುವ ಶಾಸ್ತ್ರ, ಇದಕ್ಕೆ ನಾಲ್ಕು ಕವಲು ಎಂದು ವಿವರಿಸಲು ಹೊರಟರೆ ಇನ್ನೂ ಕಷ್ಟ. ದೈಹಿಕ ಮಾನವಶಾಸ್ತ್ರ ಎಂದು ಮೂಳೆ, ತಲೆಬುರುಡೆಗಳ ಮಾತೆತ್ತಿದ ದಿನದಿಂದ ಎದುರು ಮನೆಯಾಕೆ ತನ್ನ ಮಕ್ಕಳನ್ನು ನಮ್ಮ ಮನೆಗೆ ಕಳಿಸುವುದನ್ನೇ ಬಿಟ್ಟಿದ್ದಾಳೆ. ಪುರಾತತ್ವ ಎಂದದ್ದಕ್ಕೆ ಹೊಸಹೊಳಲಿನ ಪರಿಚಯಸ್ಥರೊಬ್ಬರು, ನಿಧಿ ಇರುವ ಜಾಗ ತೋರಿಸಿದರೆ ಅರ್ಧ ಪಾಲು ಕೊಡುವುದಾಗಿ ಕಿವಿಯಲ್ಲಿ ಉಸುರಿದರು. ಭಾಷಾ ಮಾನವಶಾಸ್ತ್ರದ ಹೆಸರಲ್ಲಿ, ಸಂತೆಯಲ್ಲಿ ಜಗಳವಾಡುತ್ತಿದ್ದ ಇಬ್ಬರ ಮಾತನ್ನು ಮೊಬೈಲಿನಲ್ಲಿ ಹಿಡಿದುಕೊಳ್ಳಲು ಹೋದೆ. ಅವರು ಆ ಕ್ಷಣವೇ ರಾಜಿಯಾಗಿ ನನ್ನ ಮೇಲೆ ತಿರುಗಿ ಬಿದ್ದರು. ಉಳಿದದ್ದು ಸಾಂಸ್ಕೃತಿಕ ಮಾನವಶಾಸ್ತ್ರ. ಯಾರಿಗೆ ಯಾರು ಏನಾಗಬೇಕು, ಯಾರು ಯಾರನ್ನು ಮದುವೆಯಾಗಬಹುದು ಎಂಬ ಲೆಕ್ಕಾಚಾರವೆಲ್ಲ ಅದರಲ್ಲೇ ಬರುತ್ತದೆ. ಅದರಲ್ಲಿ ಮಾತ್ರ ನಾನು ಭಾರೀ ಪಂಡಿತ. ಮೈಸೂರಿನ ಕಾಲೇಜೊಂದರಲ್ಲಿ ತ್ರಿಕೋನ ಎಂದರೆ ಗಂಡು, ವೃತ್ತ ಎಂದರೆ ಹೆಣ್ಣು ಎಂದು ಬೋರ್ಡಿನ ತುಂಬ ವಂಶವೃಕ್ಷ ಬರೆದು ಎಷ್ಟೋ ಮಕ್ಕಳ ನಿದ್ದೆಗೆ ನೆರವಾಗಿದ್ದೇನೆ.

ಇಂಥ ಪಂಡಿತನ ಮಗ ಮಹೇಶ ಪಾಂಡವಪುರದ ಹಾಲಿನ ಡೇರಿಯಲ್ಲಿ ಕೆಲಸಕ್ಕಿದ್ದಾನೆ. ಮದುವೆಯಾದರೆ ತನ್ನ ಜೊತೆ ಓದಿದ ಸಂತೆಬಾಚಹಳ್ಳಿಯ ಭವ್ಯಳನ್ನೇ, ಇಲ್ಲವಾದರೆ ಮದುವೆಯೇ ಬೇಡ ಎಂದು ಪಟ್ಟು ಹಿಡಿದ. ಹುಡುಗಿ ಒಪ್ಪಿದ್ದಳು, ಅವಳ ತಂದೆ ಪುಟ್ಟೇಗೌಡರೂ ಮುಕ್ಕಾಲು ಪಾಲು ಒಪ್ಪಿದ್ದರು. ಒಪ್ಪದವರು ಗೌಡರ ತಾಯಿ ನಿಂಗಮ್ಮ ಒಬ್ಬರೇ. ನಾಗಮಂಗಲದಲ್ಲಿರುವ ತಮ್ಮ ಮಗಳ ಮಗನಿಗೇ ಈ ಮೊಮ್ಮಗಳನ್ನು ಕೊಡಬೇಕೆಂಬುದು ಅವರ ಆಸೆ. ಮಾತುಕತೆಗೆಂದು ನಾವು ಹೊರಟಾಗ ನನ್ನ ಹೆಂಡತಿ ಸಾವಿತ್ರಿ ದಾರಿಯಲ್ಲೇ ಎಚ್ಚರಿಸಿದಳು: "ಅಲ್ಲಿ ನೀವು ಸುಮ್ಕೆ ಕೂತ್ಕಳಿ. ಮಾತು ನಾನಾಡ್ತೀನಿ." ಪಾಪ, ಶಾಸ್ತ್ರ ಓದದವಳು ಎಂದು ಕ್ಷಮಿಸಿದೆ.

ಹೊಸ ಜಾಗಕ್ಕೆ ಹೋದವನು ಮೊದಲು ಅಲ್ಲಿಯವರ ವಿಶ್ವಾಸ ಗಳಿಸಬೇಕು ಎಂಬುದು ನಮ್ಮ ಕ್ಷೇತ್ರಕಾರ್ಯದ ಮೊದಲ ಪಾಠ. ಕಾಫಿ ಬಂದದ್ದೇ ತಡ, ನಾನು ಗೌಡರ ಕಡೆ ಬಾಗಿ, "ಅಣ್ಣಾ, ನಿಮ್ಮ ಮನೆ ಹಾಲಿನ ರುಚಿಯೇ ಬೇರೆ" ಎಂದೆ. ಎಲೆಗೆ ಸುಣ್ಣ ಸವರುತ್ತಿದ್ದ ನಿಂಗಮ್ಮನವರ ಬೆರಳು ನಿಂತಿತು.

"ತಡೀರಿ ಮೇಷ್ಟ್ರೇ. ಈಗ ಅಣ್ಣ ಅಂದ್ಬುಟ್ರಲ್ಲ? ಅಣ್ಣ ಅಂದ್ಮ್ಯಾಕೆ ನಮ್ ಮೊಗ ನಿಮ್ಗೂ ಮಗಳಾಯ್ತು. ನಿಮ್ ಐದ ಮಹೇಶನ್ಗೆ ತಂಗಿಯಾಯ್ತು. ತಂಗಿಗೆ ತಾಳಿ ಕಟ್ಟುಸ್ತೀರಾ?"

"ಬಸ್ಸಿನ ಕಂಡಕ್ಟರಿಗೂ ಅಣ್ಣ ಅಂತೀವಲ್ಲಮ್ಮ" ಎಂದೆ.

"ಕಂಡಕ್ಟರ್ ಮಗಳ್ನ ತಂದ್ಕತಿದ್ದೀರಾ?"

ಅವರು ಹೇಳಿದ್ದು ನಮ್ಮ ಶಾಸ್ತ್ರದ್ದೇ ನಿಯಮ. ಅಣ್ಣತಮ್ಮಂದಿರ ಮಕ್ಕಳು ಒಡಹುಟ್ಟಿದವರ ಸಮ, ಅವರಲ್ಲಿ ಮದುವೆ ಕೂಡದು. ಅಣ್ಣ ತಂಗಿಯರ ಮಕ್ಕಳಲ್ಲಿ ಮಾತ್ರ ಕೂಡುತ್ತದೆ. ಇದನ್ನು ವರ್ಷ ವರ್ಷವೂ ಪರೀಕ್ಷೆಗೆ ಕೇಳುವವನೇ ನಾನು. ಗೌಡರು ಅಮ್ಮನ ಮಾತಿಗೆ ಎದುರಾಡಲಾರದೆ ನೆಲ ನೋಡತೊಡಗಿದರು. ಮಹೇಶನ ಮುಖ ಬಿಳುಚಿಕೊಂಡಿತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಆ ಹುಡುಗಿಯ ಕಣ್ಣು ತುಂಬಿದ್ದನ್ನು ಕಂಡು ನನಗೆ ನಿಜವಾಗಿಯೂ ಸಂಕಟವಾಯಿತು.

ಸಾವಿತ್ರಿ ಲೋಟ ಕೆಳಗಿಟ್ಟಳು. "ಅವ್ವಾ, ಅವ್ರು ಅಣ್ಣ ಅಂದಿದ್ದು ನನ್ ಕಡೆಯಿಂದ. ನಂಗೆ ಅಣ್ಣತಮ್ದೀರು ಯಾರೂ ಇಲ್ಲ. ಇವತ್ತಿಂದ ಇವ್ರೇ ನಮ್ಮಣ್ಣ. ಅಂಗಾದ್ರೆ ಭವ್ಯ ನನ್ ಮಗನ್ಗೆ ಸೋದರಮಾವನ ಮಗಳಾಗ್ಲಿಲ್ವಾ? ಮಗಳ ಮಗನ್ಗೇ ಕೊಡ್ಬೇಕು ಅಂತಿದ್ರಂತಲ್ಲ, ನಾನೂ ನಿಮ್ ಮಗಳೇ. ಕೊಡಿ."

ನಿಂಗಮ್ಮ ಎಲೆಯನ್ನು ಮಡಿಸಿ ಬಾಯಿಗಿಟ್ಟು, ಗೌಡರ ಕಡೆ ತಿರುಗಿದರು. "ಗಟ್ಟಿಗಿತ್ತಿ ಕಣ್ಲಾ ನಿನ್ ತಂಗಿ. ತಾಂಬೂಲದ್ ತಟ್ಟೆ ತಕ್ಕಂಬಾ ಓಗು."

ಮದುವೆಯೇನೋ ಚೆನ್ನಾಗಿಯೇ ಆಯಿತು. ಆದರೆ ಬಾಯಿಮಾತಿನ ಅಣ್ಣ ಬಾಯಿಮಾತಿಗೇ ನಿಲ್ಲಲಿಲ್ಲ. ಗೌರಿ ಹಬ್ಬಕ್ಕೆ ಗೌಡರು ತಂಗಿಗೆ ಬಾಗಿನ, ಸೀರೆ ತಂದರು. ಈಗ ನಾನು ಏನಾದರೂ ಗದರಿದರೆ ಸಾವಿತ್ರಿ ಸಂತೆಬಾಚಹಳ್ಳಿ ಬಸ್ಸಿನ ಹೊತ್ತು ಕೇಳುತ್ತಾಳೆ. ಇನ್ನು ಗೌಡರು ಬಂದರೆ, "ನಮ್ಮಣ್ಣ ಬಂದವ್ನೆ, ಕುರ್ಚಿ ಬುಡಿ" ಎಂದು ನನ್ನನ್ನು ಎಬ್ಬಿಸುತ್ತಾಳೆ. ಅದರಲ್ಲಿ ಕೂತ ಅವರು ಬಂದವರಿಗೆಲ್ಲ ನನ್ನ ಪರಿಚಯ ಮಾಡಿಕೊಡುತ್ತಾರೆ: "ನಮ್ ಭಾವ. ಊರೋರ ಸಂಬಂಧನೆಲ್ಲ ಕಾಲೇಜಲ್ಲಿ ಪಾಠ ಮಾಡ್ತಾರೆ. ತಮ್ ಸಂಬಂಧ ಮಾತ್ರ ನಮ್ ತಂಗೀನ ಕೇಳ್ಕಂಡು ಯೋಳ್ತಾರೆ." ಎಲ್ಲರೂ ಗೊಳ್ಳೆಂದು ನಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಭಾವ ಭಾವಮೈದುನರ ಗೇಲಿ ಸಮಾಜ ಒಪ್ಪಿದ ಪದ್ಧತಿ, ಗೇಲಿಗೆ ಸಿಕ್ಕವನು ಕೋಪ ಮಾಡಿಕೊಳ್ಳುವಂತಿಲ್ಲ ಎಂದು ನಮ್ಮ ಶಾಸ್ತ್ರವೇ ಹೇಳುತ್ತದೆ. ನನಗೆ ಚೆನ್ನಾಗಿ ಗೊತ್ತು, ಮೊನ್ನೆ ತಾನೇ ಅದರ ಪಾಠ ಮಾಡಿ ಬಂದಿದ್ದೇನೆ. ಹಾಗಾಗಿ ಮೂಲೆಯಲ್ಲಿ ನಿಂತುಕೊಂಡು ನಾನೂ ನಗುತ್ತೇನೆ.