ಸದ್ದಿಲ್ಲದ ಕ್ಯಾಮೆರಾ, ನಗದ ಮಾವ

ನಿಯಮ ಬಿಟ್ಟು ನಡೆಯದ ನನ್ನಂಥವನಿಗೇ ಇಂಥವೆಲ್ಲ ಯಾಕೆ ಒದಗಿಬರುತ್ತವೋ ತಿಳಿಯದು. ತೊಂಬತ್ತರ ದಶಕದಲ್ಲಿ, ಪಾಂಡವಪುರದಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದಾಗ, ಮೊದಲ ಕ್ಯಾಮೆರಾ ಕೊಳ್ಳಲು ಹೊರಟೆ. ಅಲ್ಲೂ ಅದೇ ಕಥೆ.

ಮುಚ್ಚಳ

ಓದಿ ತಿಳಿಯದೆ ನಾನು ಏನನ್ನೂ ಕೊಳ್ಳುವವನಲ್ಲ. ಇಂಗ್ಲಿಷ್ ಪುಸ್ತಕಗಳನ್ನೆಲ್ಲ ತಿರುವಿಹಾಕಿ, ರೇಂಜ್‌ಫೈಂಡರ್ ಕ್ಯಾಮೆರಾವೇ ಆಗಬೇಕೆಂದು ತೀರ್ಮಾನಿಸಿದ್ದೆ. ಅದರಲ್ಲಿ ಕಣ್ಣಿಟ್ಟು ನೋಡುವ ಕಿಟಕಿ ಬೇರೆ, ಚಿತ್ರ ತೆಗೆಯುವ ಲೆನ್ಸ್ ಬೇರೆ. ಸದ್ದಂತೂ ಇಲ್ಲವೆಂದೇ ಹೇಳಬೇಕು. ಶ್ರೀರಂಗಪಟ್ಟಣದ ಸ್ಟುಡಿಯೋ ಒಂದರಲ್ಲಿ ಹಳೆಯದೊಂದಿತ್ತು. ಮಾಲೀಕ ಅದನ್ನು ಕಣ್ಣಿಗಿಟ್ಟು ಬೀದಿಯತ್ತ ತಿರುಗಿದ.

"ಲೆನ್ಸ್ ಅಂದ್ರೆ ಇದು ಸಾರ್! ಆಚೆ ಬಸ್ಸಿನ ಬೋರ್ಡೂ ಓದ್ಬೋದು."

"ಲೆನ್ಸಿಗೆ ಮುಚ್ಚಳ ಹಾಕಿದೆ" ಎಂದೆ.

ತಿರುಗಿಸಿ ನೋಡಿದ. ಕಿಂಚಿತ್ತೂ ತಡವರಿಸಲಿಲ್ಲ.

"ಮತ್ತೆ? ಬೇರೆ ಯಾವ್ ಕ್ಯಾಮೆರಾದಲ್ಲಿ ಮುಚ್ಚಳ ಹಾಕಿದ್ರೂ ಕಾಣ್ತದೆ, ಹೇಳಿ ಸಾರ್!"

ಷರತ್ತು

ಕೊಂಡು ತಂದ ಕ್ಯಾಮೆರಾ ನೋಡಿ ನನ್ನಾಕೆಯ ಮುಖ ಗಂಟಾಯಿತು. "ಫ್ಲ್ಯಾಶೇ ಇಲ್ವಲ್ಲ! ಮೊದಲ ರೋಲಲ್ಲಿ ನಮ್ಮಪ್ಪ ನಗೋ ಫೋಟೋ ಒಂದು ಬರಬೇಕು. ಬರದಿದ್ರೆ ಇದನ್ನ ವಾಪಸ್ ಕೊಟ್ಟು ಆಟೋಮ್ಯಾಟಿಕ್ ತರ್ತೀರಿ."

ಒಪ್ಪಿದೆ. ಷರತ್ತು ಸುಲಭದ್ದಲ್ಲ. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಮಾವನವರನ್ನು ನೋಡಿದರೆ, ಪೊಲೀಸ್ ಠಾಣೆಯಲ್ಲಿ ಕೂರಿಸಿ ತೆಗೆದ ಹಾಗಿದೆ.

ಎರಡು ಹಸ

ಅಕ್ಕಿಹೆಬ್ಬಾಳಿನ ಮಾವನ ಮನೆಗೆ ಹೋದೆವು. ಬಾಮೈದ ಕ್ಯಾಮೆರಾ ಇಸಿದುಕೊಂಡು, ಅಂಗಳದ ಹಸುವನ್ನು ನೋಡಿ ಬೆಚ್ಚಿದ.

"ಬಾವ, ಒಂದ್ ಹಸ ಎರಡಾಗ್ಬುಟ್ಟದೆ!"

"ಈ ಉಂಗುರ ತಿರುಗಿಸು. ಎರಡೂ ಸೇರಿ ಒಂದಾದರೆ ಫೋಕಸ್ ಸರಿಯಾಯಿತು ಎಂದರ್ಥ."

"ಅಯ್ಯೋ, ಯಾಕ್ ಒಂದ್ ಮಾಡೀರಿ? ಅಂಗೇ ಇರ್ಲಿ ಬುಡಿ ಬಾವ, ಸಂಜೆ ಡೈರಿಗೆ ಎರಡು ಕ್ಯಾನು ಹಾಕ್ಬುಡ್ತೀನಿ!"

ಕೆಟ್ಟ ಕ್ಯಾಮೆರಾ

ಅವನ ಆಟ ಮುಗಿಯುವಷ್ಟರಲ್ಲಿ ರೋಲಿನಲ್ಲಿ ಉಳಿದದ್ದು ಎರಡೇ ಚಿತ್ರ. ಮಾವನವರು ಕೋಟಿನ ಗುಂಡಿಯೆಲ್ಲ ಹಾಕಿ, ರುಮಾಲು ಸುತ್ತಿ, ಜಗಲಿಯ ಮೇಲೆ ಕುರ್ಚಿ ಹಾಕಿಸಿ, ಉಸಿರು ಬಿಗಿಹಿಡಿದು ಕುಳಿತರು. ಒತ್ತಿದೆ. ಅವರು ಅಲುಗಲಿಲ್ಲ.

"ಆಯಿತು ಮಾವ."

"ಎಲ್ಲಾಯ್ತು ಅಳಿಯಂದ್ರೆ? ಬೆಳಕೇ ಬರ್ನಿಲ್ಲ!" ತುಟಿ ಅಲುಗಿಸದೆ ಕೇಳಿದರು.

"ಬೆಳಕು ಬರುವುದಿಲ್ಲ. ಚಿತ್ರ ತೆಗೆದಾಯಿತು."

ನಂಬಲಿಲ್ಲ. ಮತ್ತೆ ಉಸಿರು ಬಿಗಿಹಿಡಿದರು. ಮುಖ ಕೆಂಪಾಯಿತು. ನಾನು ಸುಮ್ಮನೆ ಫಿಲ್ಮು ಮುಂದಕ್ಕೆ ಸರಿಸಿಕೊಂಡೆ.

"ಉಸ್ರು ಬುಡಪ್ಪೋ, ಓಗ್ಬುಟ್ಟೀಯೆ!" ಎಂದು ಬಾಮೈದ ಕೂಗಿದ.

ಮಾವ ಭುಸ್ಸೆಂದು ಉಸಿರು ಬಿಟ್ಟು ಮಗಳ ಕಡೆ ತಿರುಗಿದರು. "ಇಷ್ಟು ಓದವ್ರೆ, ಬೆಳಕು ಬರೋ ಕ್ಯಾಮೆರಾ ತರೋದು ಗೊತ್ತಾಗ್ನಿಲ್ವಲ್ಲವ್ವ!" ಎಂದವರೇ ರುಮಾಲು ಜಾರುವಂತೆ, ಇದ್ದಬದ್ದ ಹಲ್ಲೆಲ್ಲ ಕಾಣುವಂತೆ ನಕ್ಕರು.

ಕೊನೆಯ ಚಿತ್ರ ತೆಗೆದೆ. ಯಾರಿಗೂ ತಿಳಿಯಲಿಲ್ಲ.

ಪ್ರಿಂಟು ಬಂದ ದಿನ ನನ್ನಾಕೆ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕ್ಯಾಮೆರಾವನ್ನು ಬೀರುವಿನಲ್ಲಿ ತನ್ನ ರೇಷ್ಮೆ ಸೀರೆಗಳ ಪಕ್ಕ ಇಟ್ಟಳು. ಗೆದ್ದೆ!

ಮಾವ ಆ ಫೋಟೋಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ಬಂದ ನೆಂಟರಿಗೆಲ್ಲ ಇಂದಿಗೂ ಬಲು ಹೆಮ್ಮೆಯಿಂದ ತೋರಿಸುತ್ತಾರೆ:

"ನಮ್ಮ ಅಳಿಯಂದ್ರು ತೆಗ್ದಿದ್ದು. ಕ್ಯಾಮೆರಾ ಕೆಟ್ಟಿದ್ದಾಗ್ಲೇ ಇಂಗ್ ತೆಗ್ದವ್ರೆ. ರಿಪೇರಿ ಮಾಡಿಸ್ಬುಟ್ರೆ ಇನ್ನೆಂಗ್ ತೆಗೀತಾರೋ!"