ಆರು ಮೂಲೆಯ ಕೋಣೆ

ತಿಪ್ಪೇರುದ್ರಪ್ಪ ಮಾಡಿದ ತಪ್ಪೆಂದರೆ ಆರು ಗೋಡೆಯ ಕೋಣೆ ಕಟ್ಟಿಸಿದ್ದು. ಅದೂ ಕುರುಗೋಡಿನಲ್ಲಿ, ಅದೂ ಓಣಿಗೆಲ್ಲ ವಾಸ್ತು ಹೇಳುವ ದೊಡ್ಡಬಸಪ್ಪನ ಪಕ್ಕದ ಮನೆಯಲ್ಲಿದ್ದುಕೊಂಡು!

ತಿಪ್ಪೇರುದ್ರಪ್ಪ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಮನೆಯೊಳಗೆ ಅವನಿಗಿದ್ದ ಜಾಗವೆಂದರೆ ಜೋಳದ ಚೀಲಗಳಿಗೂ ಬೀಸುವ ಕಲ್ಲಿಗೂ ನಡುವಿನ ಸಂದು. ಚಿತ್ರದ ಬೋರ್ಡು ಅತ್ತಿತ್ತ ಇಟ್ಟರೆ ಯಾರಾದರೂ ಅದರ ಮೇಲೆ ಹಪ್ಪಳ ಒಣಹಾಕುತ್ತಿದ್ದರು. ರೋಸಿಹೋಗಿ, ಹಿತ್ತಿಲ ಬೇವಿನ ಮರದ ಪಕ್ಕ ತನಗೇ ತನಗೆಂದು ಒಂದು ಕೋಣೆ ಎಬ್ಬಿಸಿದ. ಅಷ್ಟೇ ಉದ್ದದ ಗೋಡೆಗೆ ಚೌಕಕ್ಕಿಂತ ಷಟ್ಕೋನದಲ್ಲಿ ಹೆಚ್ಚು ಜಾಗ ಸಿಗುತ್ತದೆ ಎಂಬುದು ಅವನ ಲೆಕ್ಕ. ಮರದ ಪೊಟರೆಯಲ್ಲಿದ್ದ ಜೇನುಹುಳಗಳೂ ಹಾಗೇ ಕಟ್ಟಿಕೊಂಡಿದ್ದವಲ್ಲ!

ಹೊಸ ಕೋಣೆಯ ಪೂಜೆಯ ದಿನ ಬೆಳಿಗ್ಗೆ ದೊಡ್ಡಬಸಪ್ಪ ಕಲಶ ಹಿಡಿದು ಕೋಣೆಯ ನಡುವೆ ನಿಂತವನು ಸುತ್ತು ತಿರುಗತೊಡಗಿದ.

"ಮೇಷ್ಟ್ರ, ದೇವಮೂಲಿ ಎಲ್ಲೈತ್ರಿ?"

"ಈಶಾನ್ಯಕ್ಕ. ಅಲ್ಲಿ."

"ಅಲ್ಲಿ ಗ್ವಾಡಿ ಐತಿ. ಮೂಲಿ ಎಲ್ಲಿ?"

ನಿಜಕ್ಕೂ ಆರು ಮೂಲೆಗಳಲ್ಲಿ ಒಂದೂ ಈಶಾನ್ಯಕ್ಕೆ ಬಂದಿರಲಿಲ್ಲ. ತಿಪ್ಪೇರುದ್ರಪ್ಪನ ಕಿವಿ ಬಿಸಿಯಾಯಿತು.

"ಆರು ಮೂಲಿ ಅದಾವ, ಬೇಕಾದ್ದು ತಗೋರಿ!"

"ಅಯ್ಯ, ದೇವರಿಗೆ ಯಾವುದಾರ ಒಂದು ಅಂತ ಕೊಡಾಕ ಬರತೈತೇನಪ್ಪ?" ಎಂದು ಓಣಿಯ ಹಿರಿಯಳು ಉಚ್ಚೆಂಗೆಮ್ಮ ಗಲ್ಲದ ಮೇಲೆ ಕೈಯಿಟ್ಟಳು.

ಅಷ್ಟರಲ್ಲಿ ಹೆಂಡತಿ ಚನ್ನವೀರಮ್ಮ ತವರಿನ ಬೀರು ತರಿಸಿದಳು. ಅದು ಯಾವ ಮೂಲೆಗೂ ಸರಿಯಾಗಿ ಕೂರಲಿಲ್ಲ. ಎಲ್ಲಿಟ್ಟರೂ ಹಿಂದೆ ಸಂದು ಉಳಿಯಿತು, ಆ ಸಂದಿನಲ್ಲಿ ಬೆಕ್ಕು ಹೋಗಿ ಕೂತಿತು.

"ಬೆಕ್ಕಿಗೆ ಕೋಣಿ ಕಟ್ಟಿಸಿಯೇನಪ್ಪ?" ಎಂದಳು ಉಚ್ಚೆಂಗೆಮ್ಮ.

ದೊಡ್ಡಬಸಪ್ಪ ತೀರ್ಪು ಕೊಟ್ಟ: "ಎರಡು ಗ್ವಾಡಿ ಕೆಡವಿದ್ರ ನಾಕು ಉಳೀತಾವ. ಲೇ ಜಡೆಪ್ಪ, ಹಾರಿ ತಗೋ!"

ಕಟ್ಟಿದ ಗಾರೆಯವ ಜಡೆಪ್ಪನೇ ಹಾರೆಗೆ ಕೈಹಾಕಿದ. ತಿಪ್ಪೇರುದ್ರಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಜಾಗ, ತನ್ನ ಗೋಡೆ, ಇವರಿಗೇನು ಉಸಾಬರಿ?

"ನನ್ನ ಗ್ವಾಡಿ ಮುಟ್ಟಿದ್ರ ನೋಡ್ರಿ! ಜೇನುಹುಳ ಯಾರನ್ನ ಕೇಳಿ ಕಟ್ಟತಾವ? ಅವಕ್ಕಿರೋ ಬುದ್ಧಿ ಈ ಓಣ್ಯಾಗ ಒಬ್ಬರಿಗೂ ಇಲ್ಲ. ಅವು ಬಂದು ಈ ಕೋಣಿ ಸರಿ ಇಲ್ಲ ಅಂದ್ರ ಕೆಡವ್ರಿ!"

"ಆತು ಬಿಡು, ದೋಷಕ್ಕ ಒಂದೀಟು ಲೋಬಾನದ ಹೊಗಿಯಾರ ಹಾಕೂಣು," ಎಂದು ಉಚ್ಚೆಂಗೆಮ್ಮ ಕೆಂಡದ ಮೇಲೆ ಹಿಡಿತುಂಬ ಸುರಿದಳು. ಹೊಗೆ ಕಿಟಕಿಯಿಂದ ಹೊರಬಿದ್ದು ನೇರ ಬೇವಿನ ಪೊಟರೆಗೆ ನುಗ್ಗಿತು.

ಮೊದಲು ಗುಂಯ್ ಅಂತು. ಆಮೇಲೆ ಓಣಿಯೆಲ್ಲ ಓಡಿತು. ದೊಡ್ಡಬಸಪ್ಪನ ಪಂಚೆ ಬೇಲಿಯಲ್ಲಿ ಉಳಿಯಿತು. ಆದರೆ ಜೇನು ಕಚ್ಚಿದ್ದು ಒಬ್ಬನಿಗೇ. ಅವುಗಳ ಪರವಾಗಿ ವಾದಿಸಿದ ಏಕೈಕ ಮನುಷ್ಯನ ಮೂಗಿಗೇ ಕಚ್ಚಿದ್ದವು. ಎಂಥ ಅನ್ಯಾಯ!

ಹೊಗೆ ಇಳಿದ ಮೇಲೆ ಎಲ್ಲರೂ ಬಾಗಿಲಲ್ಲಿ ಇಣುಕಿದರು. ಜೇನೆಲ್ಲ ಕೋಣೆಯೊಳಗೆ ಸೂರಿನ ಕೆಳಗೆ ಗೋಡೆಗೆ ಮುತ್ತಿ ಜೋತುಬಿದ್ದಿತ್ತು. ಅದು ಈಶಾನ್ಯದ ಗೋಡೆ.

ಉಚ್ಚೆಂಗೆಮ್ಮ ಗಲ್ಲ ಬಡಿದುಕೊಂಡಳು. "ಪೂಜಿ ದಿನಾನ ಜೇನು ಬಂದು ಕುಂತೈತಿ! ಲಕ್ಷ್ಮಿ ತಾನಾಗಿ ಬಂದಂಗ. ಯಾರೂ ಎಬ್ಬಿಸಬ್ಯಾಡ್ರಿ."

"ಅದೂ ದೇವರ ದಿಕ್ಕಿಗೆ!" ಎಂದು ದೊಡ್ಡಬಸಪ್ಪ ಟವೆಲು ಸುತ್ತಿಕೊಂಡೇ ಅಡ್ಡಬಿದ್ದ. "ಮೂಲಿ ಯಾಕ ಬೇಕ್ರಿ? ದೇವರು ಗ್ವಾಡೀನ ಒಪ್ಯಾನ!"

ಮಧ್ಯಾಹ್ನದ ಹೊತ್ತಿಗೆ ಹೊಸ್ತಿಲಲ್ಲಿ ತೆಂಗಿನಕಾಯಿ ಒಡೆಯಲು ಜನ ಸಾಲುಗಟ್ಟಿದರು. ಬೆಳಿಗ್ಗೆಯೇ ಕೋಣೆಯೊಳಗೆ ಇಟ್ಟಿದ್ದ ಬೋರ್ಡು ತರಲು ಹೊರಟ ತಿಪ್ಪೇರುದ್ರಪ್ಪನನ್ನು ಚನ್ನವೀರಮ್ಮನೇ ತಡೆದಳು.

"ಒಳಗ ಹೋಗಬ್ಯಾಡ್ರಿ. ನಿಮ್ಮ ಮಾತು ಖರೆ ಆತಲ್ಲ, ಜೇನು ಒಪ್ಪಿದವು. ಇನ್ಯಾಕ ಸಿಟ್ಟು?"

ಸಂಜೆ ತಿಪ್ಪೇರುದ್ರಪ್ಪ ಊದಿದ ಮೂಗಿಗೆ ಸುಣ್ಣ ಹಚ್ಚಿಕೊಂಡು ಮತ್ತೆ ಜೋಳದ ಚೀಲಗಳ ಸಂದಿನಲ್ಲಿ ಕೂತು ಜಡೆಪ್ಪನನ್ನು ಕರೆಸಿದ.

"ಇನ್ನೊಂದು ಕೋಣಿ ಕಟ್ಟಿಕೊಡೋ. ನಾಕ ಮೂಲಿ ಸಾಕು. ಯಾವ ಹುಳಾನೂ ಒಪ್ಪಬಾರದು."

"ಈಗ ಆಗಂಗಿಲ್ರಿ ಮೇಷ್ಟ್ರ," ಎಂದು ಜಡೆಪ್ಪ ತಲೆ ಕೆರೆದುಕೊಂಡ. "ಓಣಿ ಮಂದಿಯೆಲ್ಲಾ ಆರು ಮೂಲಿ ಕೋಣಿ ಕಟ್ಟು ಅಂತ ಬೆನ್ನಹತ್ಯಾರ. ದೊಡ್ಡಬಸಪ್ಪನೋರದು ಮೊದಲು. ನಕ್ಷೆ ನೀವ ಬರ್ದು ಕೊಡ್ಬೇಕಂತ್ರಿ. ಈಶಾನ್ಯಕ್ಕ ಮಾತ್ರ ಮೂಲಿ ಬರಬಾರ್ದಂತ, ಹುಷಾರು!"

ನಕ್ಷೆ ಬರೆಯುವ ಬೋರ್ಡು ಒಳಗೆ ಜೇನಿನ ಕೆಳಗೇ ಇತ್ತು.